ಕೂಟದ ಓದಿಗೆ ಪ್ರಯೋಗ ಕಾದಂಬರಿ: ಆಯ್ಕೆಯ ವಿಚಾರ

1

ಕಾದಂಬರಿಯು ಏಕಾಂತದ ಓದಿಗಾಗಿ ಹುಟ್ಟಿದ ಸಾಹಿತ್ಯಪ್ರಕಾರವೆಂಬುದು ವಿಮರ್ಶಕರಲ್ಲಿ ರೂಢವಾಗಿರುವ ಅಭಿಪ್ರಾಯ. ಕಾವ್ಯವನ್ನು ಹಾಡಬಹುದು, ನಾಟಕವನ್ನು ಆಡಬಹುದು. ಕಾದಂಬರಿಯನ್ನಾದರೋ ಓದುಗನು ತನ್ನಷ್ಟಕ್ಕೆ ತಾನೇ, ಬೇಕಾದಲ್ಲಿ ನಿಂತು, ಬೇಡವಾದಲ್ಲಿ ಹಾರಿಸಿ, ತನ್ನ ವೇಗದಲ್ಲಿ ಓದಿ ಮುಗಿಸುತ್ತಾನೆ. ಈ ಅಭಿಪ್ರಾಯವನ್ನು ತಪ್ಪೆನ್ನಲಾಗದು. ಆದರೆ ಕಠಿನವಾದ ಕೃತಿಯನ್ನು ಹತ್ತು ಜನ ಕೂಡಿ ಓದಿ ಅರಗಿಸಿಕೊಳ್ಳುವ ಪದ್ಧತಿ ಕನ್ನಡಿಗರಲ್ಲಿ ಅಚ್ಚಿನ ಪುಸ್ತಕಕ್ಕಿಂತ ಹಳೆಯದೆಂಬುದನ್ನೂ ಮರೆಯಬಾರದು. ಶ್ರಾವಣ ಬಂತೆಂದರೆ ಗುಡಿಯಲ್ಲಿಯೋ ಮಠದಲ್ಲಿಯೋ ಪುರಾಣ ಹಚ್ಚುತ್ತಿದ್ದರು. ಒಬ್ಬನು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದಿದರೆ ಇನ್ನೊಬ್ಬನು ಅರ್ಥ ಬಿಡಿಸಿ ಹೇಳುತ್ತಿದ್ದನು. ಕೇಳುತ್ತ ಕುಳಿತವರಲ್ಲಿ ಅಕ್ಷರ ಬಾರದವರೇ ಹೆಚ್ಚು; ಆದರೂ ಶ್ಲೇಷೆ, ರೂಪಕ, ಉಪಕಥೆಗಳಾವುವೂ ಅವರಿಗೆ ಭಾರವಾಗಲಿಲ್ಲ. ಒಬ್ಬನಿಗೆ ಬಿಡಿಸಲಾಗದ ಗಂಟು ಕೂಟದಲ್ಲಿ ಬಿಚ್ಚುತ್ತಿತ್ತು.

ನಗರಗಳಲ್ಲಿ ನೆಲೆಸಿದ ಕನ್ನಡಿಗರು ತಿಂಗಳಿಗೊಮ್ಮೆ ಕೂಡಿ ಒಂದು ಕಾದಂಬರಿಯನ್ನು ಚರ್ಚಿಸುವ ವಾಚನಕೂಟಗಳನ್ನು ಕಟ್ಟಿಕೊಳ್ಳುವಾಗ ಈ ಹಿನ್ನೆಲೆಯನ್ನು ನೆನೆಯುವುದು ಯುಕ್ತ. ಇದು ಯುರೋಪಿನಿಂದ ಬಂದ ಹವ್ಯಾಸವೆಂದು ತಿಳಿಯುವವರು ಪುರಾಣದ ಕಟ್ಟೆಯನ್ನು ಮರೆತವರು. ಪುಣೆಯ ಮಟ್ಟಿಗಂತೂ ಕೂಡಿ ಓದುವುದು ಹೊಸದಲ್ಲ. 1848ರಲ್ಲಿ ಸ್ಥಾಪಿತವಾದ ಪುಣೆ ನಗರ ವಾಚನ ಮಂದಿರ ಇಲ್ಲಿಯದೇ. ಬೇಂದ್ರೆಯವರು ಕಲಿತು 1918ರಲ್ಲಿ ಪದವೀಧರರಾದುದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಗೋಕಾಕರು 1931ರಲ್ಲಿ ಅಧ್ಯಾಪಕರಾಗಿ ಬಂದುದೂ ಅಲ್ಲಿಗೇ. ಬೇಂದ್ರೆಯವರು ಧಾರವಾಡಕ್ಕೆ ಮರಳಿದ ಮೇಲೆ ಕಟ್ಟಿದ 'ಗೆಳೆಯರ ಗುಂಪು' ಕೂಡಿ ಓದುವ, ಕೂಡಿ ವಾದಿಸುವ ಸಂಸ್ಕಾರದಿಂದಲೇ ಒಂದು ಸಾಹಿತ್ಯಯುಗವನ್ನು ರೂಪಿಸಿತು.

ಆದರೆ ಇಂದಿನ ಕೂಟದ ಮುಂದೆ ಗೆಳೆಯರ ಗುಂಪಿಗಿಲ್ಲದ ಒಂದು ಪ್ರಶ್ನೆಯಿದೆ: ಯಾವುದನ್ನು ಓದಬೇಕು? ಪುಣೆಯ ಕನ್ನಡಿಗರಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದ ಬಂದವರಿದ್ದಾರೆ. ಉಡುಪಿ–ಮಂಗಳೂರುಗಳಿಂದ ಬಂದು ಹೋಟೆಲು ನಡೆಸಿದವರಿದ್ದಾರೆ. ಮೈಸೂರು–ಬೆಂಗಳೂರುಗಳಿಂದ ಹಿಂಜವಡಿಯ ಕಂಪನಿಗಳಿಗೆ ಬಂದ ತರುಣರಿದ್ದಾರೆ. ಎಲ್ಲರಿಗೂ ಒಪ್ಪುವ ಪುಸ್ತಕವೆಂದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಪುಸ್ತಕವೆಂದಾಗುವ ಅಪಾಯವುಂಟು. ಊರಿನ ನೆನಪು, ತಾಯಿಯ ಕೈಯ ಅಡಿಗೆ, ತೇರು–ಜಾತ್ರೆಗಳ ವರ್ಣನೆ ಇರುವ ಕಾದಂಬರಿಯನ್ನು ಆಯ್ದರೆ ಚರ್ಚೆ ಸುಗಮವಾಗಿ ಸಾಗುತ್ತದೆ; ಆದರೆ ಚರ್ಚೆಯಾಗುವುದು ಊರಿನದು, ಕಾದಂಬರಿಯದಲ್ಲ. ಆದುದರಿಂದ ಪ್ರಯೋಗಶೀಲ ಕಾದಂಬರಿಗಳನ್ನು ಕೂಟಕ್ಕೆ ಆರಿಸುವ ವಿಷಯವು ಮೇಲುನೋಟಕ್ಕೆ ತೋರುವಷ್ಟು ಸಣ್ಣದಲ್ಲ.

2

ಮೊದಲು 'ಪ್ರಯೋಗ'ವೆಂಬ ಶಬ್ದದ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಅರ್ಥವಾಗದ್ದೆಲ್ಲ ಪ್ರಯೋಗವೆಂಬ ಭ್ರಮೆ ಎಷ್ಟು ವ್ಯಾಪಕವೋ, ನವ್ಯರ ಕಾಲಕ್ಕೆ ಮೊದಲು ಪ್ರಯೋಗವೇ ಇರಲಿಲ್ಲವೆಂಬ ಭ್ರಮೆಯೂ ಅಷ್ಟೇ ವ್ಯಾಪಕ. ಪುಣೆಯ ಹರಿ ನಾರಾಯಣ ಆಪಟೆಯವರು 1890ರ ದಶಕದ ಆರಂಭದಲ್ಲಿ 'ಪಣ ಲಕ್ಷಾತ ಕೋಣ ಘೇತೋ' ಎಂಬ ಕಾದಂಬರಿಯನ್ನು ಯಮುನೆಯೆಂಬ ಹೆಣ್ಣಿನ ಬಾಯಿಂದಲೇ ಹೇಳಿಸಿದರು. ಮನೆಯ ಒಳಗೋಣೆಯ ಸಂಕಟವನ್ನು ಒಳಗಿನವಳೇ ಹೇಳಬೇಕೆಂಬ ಈ ನಿಶ್ಚಯ ಆ ಕಾಲಕ್ಕೆ ದೊಡ್ಡ ಪ್ರಯೋಗವೇ ಸರಿ. ಅದೇ ಆಪಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದು ಉತ್ತರ ಕರ್ನಾಟಕದಲ್ಲಿ ಕಾದಂಬರಿ ಓದುವ ಜನವನ್ನು ಸೃಷ್ಟಿಸಿದರು. ದೇವುಡು ಅವರು 'ಅಂತರಂಗ'ದಲ್ಲಿ ಘಟನೆಗಳನ್ನು ಹಿಂದಕ್ಕೆ ಸರಿಸಿ ಮನಸ್ಸಿನ ವ್ಯಾಪಾರಗಳನ್ನೇ ಕಥೆಯಾಗಿಸಲು ಯತ್ನಿಸಿದರು. ಮರಾಠಿಯಲ್ಲಿ ಮರ್ಢೇಕರರ 'ರಾತ್ರೀಚಾ ದಿವಸ' (1942) ಪ್ರಜ್ಞಾಪ್ರವಾಹದ ತಂತ್ರವನ್ನು ಪರೀಕ್ಷಿಸಿತು. ರಾವಬಹಾದ್ದೂರರು 'ಗ್ರಾಮಾಯಣ'ದಲ್ಲಿ (1957) ನಾಯಕನ ಸ್ಥಾನದಲ್ಲಿ ಒಂದು ಹಳ್ಳಿಯನ್ನೇ ಕೂರಿಸಿದರು.

ಈ ಉದಾಹರಣೆಗಳಿಂದ ಪ್ರಯೋಗವು ಮೂರು ನೆಲೆಗಳಲ್ಲಿ ನಡೆಯುವುದೆಂದು ತಿಳಿಯುತ್ತದೆ. ಕಥೆಯನ್ನು ಹೇಳುವವರು ಯಾರೆಂಬುದು ಒಂದು. ಕಥೆಯ ಕಟ್ಟಡ ಹೇಗೆಂಬುದು ಎರಡು. ಕಥೆಯನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದು ಮೂರು. ಮೂರರಲ್ಲಿ ಯಾವುದೇ ಆಗಲಿ, ಮೊದಲಿದ್ದ ರೂಪದಲ್ಲಿ ಹೇಳಲಾಗದಿದ್ದ ಅನುಭವವೊಂದು ಹೊಸ ರೂಪದಲ್ಲಿ ಹೇಳಲು ಸಾಧ್ಯವಾದಾಗ ಮಾತ್ರ ಪ್ರಯೋಗ ಸಾರ್ಥಕ. ಅಧ್ಯಾಯಗಳನ್ನು ಹಿಂದುಮುಂದು ಮಾಡಿದ ಮಾತ್ರಕ್ಕೆ, ವಿರಾಮಚಿಹ್ನೆಗಳನ್ನು ಕಿತ್ತು ಹಾಕಿದ ಮಾತ್ರಕ್ಕೆ ಕೃತಿಗೆ ಈ ಹೆಸರು ಸಲ್ಲದು.

ಪ್ರಯೋಗವು ಕಾಲಬದ್ಧವೆಂಬುದನ್ನೂ ಇಲ್ಲಿಯೇ ಹೇಳಬೇಕು. ನವ್ಯಮಾರ್ಗವು ಕೆಲವೇ ವರ್ಷಗಳಲ್ಲಿ ಸವೆದ ದಾರಿಯಾಯಿತು. ತೇಜಸ್ವಿಯವರು 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅದಕ್ಕೆ ವಿದಾಯ ಹೇಳಿದರು. ನಿನ್ನೆಯ ಸಾಹಸ ಇಂದಿನ ರೂಢಿಯಾಗುವುದು ಸಾಹಿತ್ಯದ ನಿಯಮ. ಹೀಗಾಗಿ ಕೂಟವು ಹಳೆಯ ಪ್ರಯೋಗ ಕೃತಿಯನ್ನು ಓದುವಾಗ ಅದು ಹುಟ್ಟಿದ ಕಾಲದಲ್ಲಿ ಯಾವುದನ್ನು ಮುರಿಯಿತೆಂಬುದನ್ನೂ ತಿಳಿದಿರಬೇಕು.

3

ಪ್ರಯೋಗ ಕೃತಿಗಳನ್ನು ಓದುಗರಿಗಾಗಿ ಆರಿಸುವ ಕೆಲಸವನ್ನು ಕನ್ನಡದಲ್ಲಿ ಅತ್ಯಂತ ಧೈರ್ಯದಿಂದ ನಡೆಸಿದ ಸಂಸ್ಥೆಯೆಂದರೆ ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಆರಂಭವಾದ ಈ ಮಾಲೆಯನ್ನು 'ಜಡಭರತ'ರೆಂದು ಪ್ರಸಿದ್ಧರಾದ ಜಿ.ಬಿ. ಜೋಶಿಯವರು ಬೆಳೆಸಿದರು, ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿ ಬೆನ್ನಿಗೆ ನಿಂತರು. ಚಂದಾ ಕೊಟ್ಟವನಿಗೆ ವರ್ಷದ ಪುಸ್ತಕಗಳು ಬರುತ್ತಿದ್ದವು. ಆಯ್ಕೆ ಓದುಗನದಲ್ಲ, ಸಂಪಾದಕರದು. ಶಾಂತಿನಾಥ ದೇಸಾಯಿಯವರ 'ಮುಕ್ತಿ' 1961ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಓದುಗರ ಕೈ ಸೇರಿದ್ದು ಈ ಮಾಲೆಯ ಮೂಲಕವೇ. ಅಗ್ರಹಾರದಲ್ಲಿ ಸಂಸ್ಕಾರಕ್ಕಾಗಿ ಕಾಯುತ್ತ ಬಿದ್ದ ಹೆಣ, ದಾರಿ ತಪ್ಪಿದ ಆಚಾರ್ಯ, ಮುಗಿಯದ ಮುಕ್ತಾಯ ಇವನ್ನು ತಾನಾಗಿ ಕೊಂಡು ಓದುತ್ತಿರಲಿಲ್ಲವೆಂಬ ಓದುಗನ ಮನೆಗೂ ಪುಸ್ತಕ ಹೋಯಿತು. ಅವನು ಸಿಟ್ಟಾಗಿರಬಹುದು, ಆದರೆ ಓದಿದನು. ವಾದ ಹುಟ್ಟಿತು.

ಇಂದಿನ ಕೂಟಕ್ಕೆ ಇದರಿಂದ ದೊರೆಯುವ ಪಾಠ ಸ್ಪಷ್ಟ. ಬಹುಮತದಿಂದ ಪುಸ್ತಕ ಆರಿಸಿದರೆ ಪ್ರಯೋಗ ಕೃತಿ ಎಂದೂ ಗೆಲ್ಲುವುದಿಲ್ಲ. ಓದದೆ ಇರುವ ಪುಸ್ತಕಕ್ಕೆ ಮತ ಕೊಡುವವರಾರು? ಬಲ್ಲ ಒಬ್ಬಿಬ್ಬರಿಗೆ ಒಂದು ವರ್ಷದ ಮಟ್ಟಿಗೆ ಆಯ್ಕೆಯ ಭಾರವನ್ನು ಒಪ್ಪಿಸಿ, ವರ್ಷಾಂತ್ಯದಲ್ಲಿ ಅವರಿಂದ ಲೆಕ್ಕ ಕೇಳುವುದು ಮೇಲು. ಪ್ರಯೋಗ ಕಾದಂಬರಿಯು ಓದುಗನಿಂದ ಸಾಲ ಬೇಡುತ್ತದೆ: ಮೊದಲ ಐವತ್ತು ಪುಟಗಳ ತಾಳ್ಮೆಯನ್ನು ಕೊಡು, ಬಡ್ಡಿಸಹಿತ ತೀರಿಸುತ್ತೇನೆ ಎನ್ನುತ್ತದೆ. ಸಾಲ ಕೇಳುವ ಎಲ್ಲ ಕೃತಿಗಳೂ ತೀರಿಸುವುದಿಲ್ಲ. ಆರಿಸುವವರ ಕೆಲಸ ಆ ಜಾಮೀನು ನಿಲ್ಲುವುದು. ಆರಿಸಿದವರು ಪುಸ್ತಕವನ್ನು ಮೊದಲೇ ಎರಡು ಸಲ ಓದಿರಬೇಕೆಂಬ ನಿಯಮ ಅಗತ್ಯ.

ಆಯ್ಕೆಗೆ ಮೂರು ಒರೆಗಲ್ಲುಗಳನ್ನು ಸೂಚಿಸಬಹುದು. ಒಂದು: ಕೃತಿಯ ಹೊಸ ರೂಪವು ಅದರ ಅನುಭವಕ್ಕೆ ಅನಿವಾರ್ಯವೆ? ಅದೇ ಕಥೆಯನ್ನು ನೇರವಾಗಿ ಹೇಳಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲವೆಂದಾದರೆ ಪುಸ್ತಕವನ್ನು ಬಿಡಬಹುದು. ಎರಡು: ಪ್ರಾಮಾಣಿಕರಾದ ಇಬ್ಬರು ಓದುಗರು ಭಿನ್ನಾಭಿಪ್ರಾಯ ತಾಳಿ, ಪುಟ ತೆರೆದು ಸಾಕ್ಷಿ ತೋರಿಸಿ ವಾದಿಸಲು ಅದರಲ್ಲಿ ಎಡೆಯಿದೆಯೆ? ಎಲ್ಲರೂ ಹೊಗಳಿ ಎದ್ದುಹೋಗುವ ಪುಸ್ತಕ ಏಕಾಂತಕ್ಕೆ ಒಳ್ಳೆಯದು, ಕೂಟಕ್ಕಲ್ಲ. ಮೂರು: ಪರಸ್ಥಳದಲ್ಲಿ ಬಾಳುವ ಕನ್ನಡಿಗನ ಬದುಕನ್ನು ಅದು ಎಲ್ಲಿಯಾದರೂ ತಟ್ಟುತ್ತದೆಯೆ? ವಸ್ತು ಅದೇ ಇರಬೇಕೆಂದಿಲ್ಲ, ತಟ್ಟಿದರೆ ಸಾಕು. ಪುಟಗಳ ಸಂಖ್ಯೆ, ಪ್ರತಿಗಳ ಲಭ್ಯತೆ ಮುಂತಾದವು ವ್ಯವಸ್ಥೆಯ ವಿಷಯಗಳು. ಮನಸ್ಸಿದ್ದಲ್ಲಿ ಅವಕ್ಕೆ ದಾರಿಯುಂಟು.

4

ಪುಣೆಯ ಕೂಟಕ್ಕೆ ಮೊದಲು ಒದಗಬೇಕಾದುದು ಒಂದು ಪುಸ್ತಕವಲ್ಲ, ಒಂದು ಜೋಡಿ: 'ಮುಕ್ತಿ' ಮತ್ತು ಭಾಲಚಂದ್ರ ನೇಮಾಡೆಯವರ 'ಕೋಸಲಾ'. ಎರಡು ವರ್ಷಗಳ ಅಂತರದಲ್ಲಿ, 1961 ಮತ್ತು 1963ರಲ್ಲಿ, ನೆರೆಹೊರೆಯ ಎರಡು ಭಾಷೆಗಳಲ್ಲಿ ಈ ಎರಡು ಮೊದಲ ಕಾದಂಬರಿಗಳು ಹುಟ್ಟಿದವು. 'ಕೋಸಲಾ' ಪ್ರಕಟವಾದುದು ಪುಣೆಯಲ್ಲಿ. ಅದರ ನಾಯಕ ಪಾಂಡುರಂಗ ಸಾಂಗವೀಕರನು ಖಾನದೇಶದ ಹಳ್ಳಿಯಿಂದ ಕಲಿಯಲು ಬರುವುದೂ ಪುಣೆಗೇ. ಅದನ್ನು 'ಕೋಶ'ವೆಂಬ ಹೆಸರಿನಿಂದ ವಾಮನ ಬೇಂದ್ರೆಯವರು ಕನ್ನಡಕ್ಕೆ ತಂದರು. 1995ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಪ್ರಕಟಿಸಿತು. 'ಮುಕ್ತಿ'ಯ ಲೇಖಕರಾದರೋ ಹಳಿಯಾಳದಲ್ಲಿ ಹುಟ್ಟಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸಿದವರು. ಎರಡು ಭಾಷೆಗಳ ಗಡಿಯಲ್ಲಿ ಬಾಳಿದ ಓದುಗನಿಗೆ ಈ ಜೋಡಿ ತನ್ನ ಮನೆಯ ಎರಡು ಕಿಟಕಿಗಳಿದ್ದಂತೆ.

ಹೆಸರುಗಳೇ ವಿಚಾರಕ್ಕೆ ಎಡೆಮಾಡುತ್ತವೆ. ಒಂದು ಹೊರಬರುವ ಆಸೆಯನ್ನು ಹೇಳುತ್ತದೆ, ಇನ್ನೊಂದು ಒಳಗಿರುವ ಸ್ಥಿತಿಯನ್ನು. 'ಮುಕ್ತಿ'ಯ ಗೌರೀಶನು ತನ್ನ ಮನಸ್ಸನ್ನು ಗಂಭೀರವಾಗಿ ಪರೀಕ್ಷಿಸುತ್ತಾನೆ. ಪ್ರೇಮ, ಸ್ನೇಹ, ಅವಲಂಬನೆಗಳ ಗಂಟುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾನೆ. ಸಾಂಗವೀಕರನಿಗೆ ತನ್ನನ್ನು ಅಷ್ಟು ಗಂಭೀರವಾಗಿ ಎಣಿಸಿಕೊಳ್ಳುವುದೇ ಅಸಾಧ್ಯ. 'ಉದಾಹರಣಾರ್ಥ', 'ವಗೈರೆ' ಎಂಬ ಎರಡು ಕಚೇರಿಯ ಶಬ್ದಗಳನ್ನು ಮಾತಿನ ನಡುವೆ ಎಲ್ಲೆಂದರಲ್ಲಿ ತೂರಿಸಿ ತನ್ನ ದುಃಖವನ್ನು ತಾನೇ ಹಗುರ ಮಾಡುತ್ತಾನೆ. ಒಂದು ಸಂಗತಿಯನ್ನು ಹೇಳಿ 'ವಗೈರೆ' ಎಂದರೆ, ಇಂಥವು ಇನ್ನೆಷ್ಟೋ ಇವೆ, ಹೇಳಿ ಫಲವೇನು ಎಂದಂತೆ. ತಂಗಿ ಮನಿಯ ಸಾವಿನ ಭಾಗಕ್ಕೆ ಬಂದಾಗ ಆ ಹಗುರತನವೆಲ್ಲ ಯಾವುದನ್ನು ಮುಚ್ಚಿಟ್ಟಿತ್ತೆಂಬುದು ಓದುಗನಿಗೆ ತಿಳಿಯುತ್ತದೆ. ಎರಡು ಸಣ್ಣ ಶಬ್ದಗಳಿಂದ ಒಂದು ತಲೆಮಾರಿನ ಮನೋಧರ್ಮವನ್ನು ಹಿಡಿದುದು ಆ ಕಾದಂಬರಿಯ ಪ್ರಯೋಗದ ತಿರುಳು.

'ವಗೈರೆ' ಉತ್ತರ ಕರ್ನಾಟಕದ ಕನ್ನಡದಲ್ಲಿಯೂ ಬಳಕೆಯ ಶಬ್ದವೇ. ಆದರೆ ಕನ್ನಡದ 'ವಗೈರೆ'ಗೆ ಆ ಮರಾಠಿ ನಿರಾಸಕ್ತಿಯ ಧ್ವನಿಯಿದೆಯೆ? ಮೈಸೂರಿನಿಂದ ಬಂದವನ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಕನ್ನಡ ಅನುವಾದವನ್ನೂ ಮರಾಠಿ ಮೂಲವನ್ನೂ ಎದುರುಬದುರಿಟ್ಟು ಒಂದೇ ಪುಟವನ್ನು ಓದಬಲ್ಲ ಕೂಟ ಪುಣೆಯಂತಹ ಊರಿನಲ್ಲಿ ಮಾತ್ರ ಸಾಧ್ಯ. ಬೆಂಗಳೂರಿನ ಅಥವಾ ಮೈಸೂರಿನ ವಿದ್ವಾಂಸರಿಗೆ ಇಲ್ಲದ ಈ ಅನುಕೂಲವನ್ನು ಹೊರನಾಡಿನ ಕನ್ನಡಿಗರು ಕೊರತೆಯೆಂದೇ ಎಣಿಸಿಕೊಂಡು ಬಂದಿರುವುದು ಆಶ್ಚರ್ಯ.

ದೋಷಗಳನ್ನೂ ಮುಚ್ಚಬೇಕಾಗಿಲ್ಲ. 'ಮುಕ್ತಿ'ಯಲ್ಲಿ ಪುಸ್ತಕದ ವಾಸನೆ ಕೆಲವೆಡೆ ಹೆಚ್ಚು. ಪಾಶ್ಚಾತ್ಯ ಅಸ್ತಿತ್ವವಾದದ ಓದು ಪಾತ್ರದ ಅನುಭವಕ್ಕಿಂತ ಮುಂದೆ ನಡೆದಂತೆ ತೋರುವುದುಂಟು. ಆದರೆ ಕನ್ನಡದ ಸುಶಿಕ್ಷಿತ ತರುಣನೊಬ್ಬನು ಸಮಾಜಕ್ಕೆ ಉಪದೇಶ ಮಾಡದೆ, ತನ್ನ ಒಳಗನ್ನು ಕನ್ನಡದಲ್ಲಿಯೇ ವಿಶ್ಲೇಷಿಸಿಕೊಳ್ಳಬಹುದೆಂದು ತೋರಿಸಿಕೊಟ್ಟ ಕೃತಿಯದು. ಆ ಸಾಧ್ಯತೆ ತೆರೆದ ಮೇಲೆಯೇ ಮುಂದಿನವರು ಬಂದರು.

5

ಎರಡನೆಯ ಆಯ್ಕೆ ಯಶವಂತ ಚಿತ್ತಾಲರ 'ಶಿಕಾರಿ' (1979). ಹೊರನಾಡಿನ ಕನ್ನಡಿಗರು ಈ ಕಾದಂಬರಿಯನ್ನು ಓದದಿರುವುದು ತಮ್ಮ ಜಾತಕವನ್ನು ನೋಡದಿರುವಂತೆ. ಹನೇಹಳ್ಳಿಯಿಂದ ಮುಂಬಯಿಗೆ ಬಂದು ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದ ಚಿತ್ತಾಲರು ಕಂಪನಿಯ ಕಚೇರಿಯನ್ನು ಹೊರಗಿನಿಂದ ಕಂಡು ಬರೆದವರಲ್ಲ. ಹಿರಿಯ ಅಧಿಕಾರಿ ನಾಗಪ್ಪನನ್ನು ಒಮ್ಮಿಂದೊಮ್ಮೆಲೆ ಕೆಲಸದಿಂದ ದೂರವಿಡುತ್ತಾರೆ. ಆಪಾದನೆ ಏನೆಂಬುದು ಅವನಿಗೆ ಸ್ಪಷ್ಟವಾಗುವುದಿಲ್ಲ. ಅಲ್ಲಿಂದ ಮುಂದೆ ಕಾದಂಬರಿಯೆಲ್ಲ ಊಹೆಯ ಮೇಲೆ ಊಹೆ: ಯಾರು, ಏಕೆ, ಎಂದಿನಿಂದ?

ಕಾಫ್ಕಾನ 'ವಿಚಾರಣೆ' (1925) ನೆನಪಾಗುವುದು ಸಹಜ. ಆದರೆ ಸಾಮ್ಯವನ್ನು ಹೇಳಿ ನಿಲ್ಲಿಸುವುದು ವಿಮರ್ಶೆಯಲ್ಲ. ಕಾಫ್ಕಾನಲ್ಲಿ ನ್ಯಾಯಸ್ಥಾನಕ್ಕೆ ಮುಖವಿಲ್ಲ. ಅದರ ಭಯಾನಕತೆ ಅಲ್ಲಿದೆ. ಚಿತ್ತಾಲರಲ್ಲಿ ಬೇಟೆಗಾರರಿಗೆ ಮುಖವಿದೆ, ಹೆಸರಿದೆ. ಅವರಲ್ಲಿ ನಾಗಪ್ಪನ ಊರಿನ ಕಡೆಯವರೂ ಇದ್ದಾರೆ. ಮಹಾನಗರದಲ್ಲಿ ಯಾರೂ ಯಾರನ್ನೂ ಅರಿಯರೆಂಬ ಮಾತನ್ನು 'ಶಿಕಾರಿ' ತಲೆಕೆಳಗು ಮಾಡುತ್ತದೆ: ಇಲ್ಲಿ ಅಪಾಯ ಬರುವುದು ಅರಿತವರಿಂದಲೇ. ಊರನ್ನು ಬಿಟ್ಟು ಬಂದವನ ಹಿಂದೆ ಊರು ರೈಲು ಹತ್ತಿ ಬರುತ್ತದೆ. ಊರಿನವರ ಸಂಘ, ಊರಿನವರ ಶಿಫಾರಸು, ಊರಿನವರ ಸಹಾಯವೆಂದು ಯಾವುದನ್ನು ಪ್ರವಾಸಿ ಕನ್ನಡಿಗನು ಆಸರೆಯೆಂದು ನಂಬುತ್ತಾನೋ ಅದರ ಬೆನ್ನಿನ ಮಗ್ಗುಲನ್ನು ತೋರಿಸುವ ಈ ಕಾದಂಬರಿಯನ್ನು ಅಂಥ ಸಂಘವೊಂದರ ಆಶ್ರಯದಲ್ಲಿಯೇ ಚರ್ಚಿಸುವುದಕ್ಕೆ ಧೈರ್ಯ ಬೇಕು. ಅದಕ್ಕಾಗಿಯೇ ಚರ್ಚಿಸಬೇಕು.

ರೂಪದ ಅನಿವಾರ್ಯತೆಯ ಪ್ರಶ್ನೆಗೆ 'ಶಿಕಾರಿ' ಚೆನ್ನಾಗಿ ಉತ್ತರಿಸುತ್ತದೆ. ನಾಗಪ್ಪನ ಸಂಶಯ ನಿಜವೋ ರೋಗವೋ ಎಂಬುದನ್ನು ನಿರ್ಣಯಿಸಲು ಓದುಗನಿಗೆ ಅವನ ಮನಸ್ಸಿನ ಹೊರಗೆ ನಿಲ್ಲಲು ಹೆಚ್ಚು ಜಾಗವೇ ಇಲ್ಲ. ನಾಲ್ಕಾರು ಕಡೆಗಳಿಂದ ಘಟನೆಗಳನ್ನು ತೋರಿಸಿದ್ದರೆ ಅದೊಂದು ಕಚೇರಿಯ ಒಳಸಂಚಿನ ಕಥೆಯಾಗುತ್ತಿತ್ತು. ಕೂಟದಲ್ಲಿ ಇಬ್ಬರು ಎರಡು ಪಕ್ಷ ವಹಿಸಿ, ಒಬ್ಬನು ಸಂಚನ್ನೂ ಇನ್ನೊಬ್ಬನು ಭ್ರಮೆಯನ್ನೂ ಪುಟಗಳ ಆಧಾರದಿಂದ ಸಾಧಿಸಲು ಯತ್ನಿಸಿದರೆ ಒಂದು ಸಂಜೆ ಸಾಲದು. ಕಾದಂಬರಿಯ ಸ್ತ್ರೀಪಾತ್ರಗಳು ನಾಗಪ್ಪನ ಅಗತ್ಯದ ಬೆಳಕಿನಲ್ಲಿ ಮಾತ್ರ ಕಾಣಿಸುತ್ತವೆಂಬ ಆಕ್ಷೇಪವೂ ಅಲ್ಲಿ ಬರಲಿ. ಅದು ನಾಗಪ್ಪನ ಮಿತಿಯೋ ಚಿತ್ತಾಲರದೋ ಎಂಬುದು ಈ ತಂತ್ರವನ್ನು ಆರಿಸಿಕೊಂಡ ಎಲ್ಲ ಲೇಖಕರೂ ಉತ್ತರಿಸಬೇಕಾದ ಪ್ರಶ್ನೆ.

ಇದರ ಜೊತೆಗೆ, ಹೋಲಿಕೆಗಾಗಿ, ಕಾರಂತರ 'ಅಳಿದ ಮೇಲೆ'ಯನ್ನು (1960) ಇಡಬಹುದು. ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಂಡ ಯಶವಂತರಾಯನ ಹಣದ ಹೊಣೆ ನಿರೂಪಕನ ಮೇಲೆ ಬೀಳುತ್ತದೆ. ಆ ಹಣದ ಜಾಡು ಹಿಡಿದು ಊರಿಗೆ ಹೋದವನು ಸತ್ತವನ ಬಾಳನ್ನು ಬದುಕಿರುವವರ ಬಾಯಿಗಳಿಂದ ಕೂಡಿಸಿಕೊಳ್ಳುತ್ತಾನೆ. ಒಬ್ಬೊಬ್ಬನ ಸಾಕ್ಷ್ಯವೂ ಬೇರೆ. ಕಾರಂತರನ್ನು ಪ್ರಯೋಗಶೀಲರೆಂದು ಕರೆಯುವ ರೂಢಿಯಿಲ್ಲ. ಆದರೆ ನಾಯಕನು ಇಲ್ಲದೆ ಹೋದ ಮೇಲೆ ಆರಂಭವಾಗುವ ಈ ಕಾದಂಬರಿಯ ಕಟ್ಟಡ ಹಲವು ನವ್ಯ ಕೃತಿಗಳಿಗಿಂತ ದಿಟ್ಟವಾದುದು. ಪುಟಗಳು ಕಡಿಮೆ ಇರುವ ಪುಸ್ತಕ ಬೇಕಾದಾಗ ಎ.ಕೆ. ರಾಮಾನುಜನ್ ಅವರ 'ಮತ್ತೊಬ್ಬನ ಆತ್ಮಚರಿತ್ರೆ'ಯನ್ನು (1978) ತೆಗೆದುಕೊಳ್ಳಬಹುದು. ಲೇಖಕನ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬನ ಕಥೆಯಾದ ಅದು, ಪರದೇಶದಲ್ಲಿ ಬಾಳುವವನಿಗೆ ತಾನು ಯಾರ ಚರಿತ್ರೆಯನ್ನು ಬದುಕುತ್ತಿದ್ದೇನೆಂಬ ಶಂಕೆಯನ್ನು ಹುಟ್ಟಿಸುತ್ತದೆ.

6

ಭಾಷೆಯ ನೆಲೆಯಲ್ಲಿ ಪ್ರಯೋಗವೆಂದರೆ ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು (1984) ಬಿಟ್ಟು ಮಾತಾಡುವಂತಿಲ್ಲ. ಗಾತ್ರದಲ್ಲಿ ಚಿಕ್ಕದು; ಕಥೆಯ ಎಳೆ, ದಲಿತ ತರುಣ ಚೆನ್ನ ಮತ್ತು ಮೇಲುಜಾತಿಯ ಕುಸುಮಾ ಇವರ ಸಂಬಂಧ ಮತ್ತು ಅದರ ಭಯಂಕರ ಪರಿಣಾಮ. ಆದರೆ ಅದು ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಅಲ್ಲಿ ರಾತ್ರಿ ದೀಪಗಳ ಜೋತಮ್ಮಂದಿರು ಕೂಡಿ ತಂತಮ್ಮ ಮನೆಗಳ ಸುದ್ದಿ ಹೇಳಿಕೊಳ್ಳುತ್ತಾರೆ, ಮಂಚವೂ ಮಾತಾಡುತ್ತದೆ. 1990ನೆಯ ಸಾಲಿನ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಕನ್ನಡದ ವಿದ್ಯಾವಂತರಲ್ಲಿ ಎಷ್ಟೋ ಜನ ಹತ್ತು ಪುಟಗಳಿಗೇ ಕೆಳಗಿಟ್ಟಿರುವುದು ಗುಟ್ಟಿನ ವಿಷಯವಲ್ಲ.

ಈ ಕಷ್ಟದ ಕಾರಣವನ್ನು ಸರಿಯಾಗಿ ತಿಳಿಯಬೇಕು. 'ಕುಸುಮಬಾಲೆ' ಕಣ್ಣಿಗೆ ಕಠಿನ, ಕಿವಿಗೆ ಕಠಿನವಲ್ಲ. ಶಿಷ್ಟ ಕನ್ನಡದ ಅಚ್ಚಿಗೆ ಪಳಗಿದ ಕಣ್ಣು ಅಲ್ಲಿಯ ಶಬ್ದಗಳ ಕೂಡಿಕೆಯಲ್ಲಿ ಎಡವುತ್ತದೆ. ಯಾರಾದರೂ ಗಟ್ಟಿಯಾಗಿ ಓದಿದರೆ ಲಯ ತಾನಾಗಿ ಅರ್ಥವನ್ನು ಒಡೆದು ಕೊಡುತ್ತದೆ. ಹಳಗನ್ನಡ ವಿದ್ವಾಂಸರಾದ ಎಲ್. ಬಸವರಾಜು ಅವರು ಈ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ತೋರಿಸಿದುದು ಈ ತತ್ತ್ವವನ್ನರಿತೇ. ಪುರಾಣ ಓದುವ ಹಳೆಯ ಪದ್ಧತಿ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೈಸೂರು ಸೀಮೆಯಿಂದ ಬಂದ ಒಬ್ಬರು ಓದಲಿ, ಉಳಿದವರು ಕೇಳಲಿ, ತಡೆದಲ್ಲಿ ನಿಲ್ಲಿಸಿ ಕೇಳಲಿ. ಮುಂದಿನ ತಿಂಗಳು 'ಗ್ರಾಮಾಯಣ'ವನ್ನೆತ್ತಿಕೊಂಡಾಗ ಬೆಳಗಾವಿ–ವಿಜಯಪುರಗಳ ಕಡೆಯವರು ಓದಲಿ, ಮೈಸೂರಿನವರು ಕೇಳುವ ಸರದಿಯಾಗಲಿ. ಒಂದು ಸೀಮೆಯ ದಿನಬಳಕೆ ಇನ್ನೊಂದು ಸೀಮೆಗೆ ಪ್ರಯೋಗವಾಗಿ ಕಾಣುವ ಈ ಸ್ಥಿತಿ ಹೊರನಾಡಿನ ಕೂಟದಲ್ಲಿ ದಿನನಿತ್ಯದ್ದು. ಊರಿನಲ್ಲಿದ್ದಿದ್ದರೆ ಇವರು ಒಬ್ಬರನ್ನೊಬ್ಬರು ಭೇಟಿಯಾಗುತ್ತಲೇ ಇರಲಿಲ್ಲ.

ಕಿವಿಯಿಂದ ಕಾದಂಬರಿಯನ್ನು ಗ್ರಹಿಸುವುದಕ್ಕೆ ಪುಣೆಯಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. ಭೈರಪ್ಪನವರ 'ಪರ್ವ' (1979) ಮೊದಲಾದ ಕಾದಂಬರಿಗಳನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರು, ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡವನ್ನು ಗಟ್ಟಿಯಾಗಿ ಓದಿದುದನ್ನು ಕೇಳಿ ಅನುವಾದಿಸಿದರೆಂಬುದು ಪ್ರಸಿದ್ಧ ಸಂಗತಿ. ಮರಾಠಿ ಓದುಗರು ಭೈರಪ್ಪನವರನ್ನು ತಮ್ಮವರೆಂದು ಭಾವಿಸುವಷ್ಟು ಬೆಳೆದ ಆ ಸಂಬಂಧದ ಬುಡದಲ್ಲಿರುವುದು ಒಂದು ಮನೆಯ ಇಬ್ಬರ ವಾಚನಕೂಟವೇ. 'ಪರ್ವ'ವೂ ಪ್ರಯೋಗವೆಂಬ ಹೆಸರಿನ ಹೊರಗೆ ಉಳಿದ ಪ್ರಯೋಗ. ದೇವತೆಗಳನ್ನೂ ಪವಾಡಗಳನ್ನೂ ಕಳೆದು, ಮಹಾಭಾರತವನ್ನು ಶಲ್ಯ, ಕುಂತಿ, ದ್ರೌಪದಿ, ಭೀಮ ಮೊದಲಾದವರ ಒಳನೆನಪುಗಳಲ್ಲಿ ಹರಿಯಬಿಟ್ಟ ಈ ಕಾದಂಬರಿಯ ತಂತ್ರವನ್ನು ಯಾರೂ ದುರೂಹವೆನ್ನಲಿಲ್ಲ. ಕಥೆ ಮೊದಲೇ ತಿಳಿದಿದ್ದುದರಿಂದ ಓದುಗನು ತಂತ್ರದ ಭಾರವನ್ನು ಗಮನಿಸಲಿಲ್ಲ. ಪ್ರಯೋಗಕ್ಕೆ ಅಂಜುವ ಸದಸ್ಯರಿಗೆ ಇದನ್ನು ತೋರಿಸಿಕೊಡುವುದು ಒಳ್ಳೆಯ ಉಪಾಯ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಸಹ ಇದೇ ಜಾತಿಯದು: ಒಬ್ಬ ನಾಯಕನಿಲ್ಲ, ಒಂದು ಕಥೆಯಿಲ್ಲ, ಗುತ್ತಿ, ಅವನ ನಾಯಿ ಹುಲಿಯ, ಮಲೆ, ಮಳೆ ಎಲ್ಲವೂ ಸಮಪಾಲುಗಾರರು. ಅದರ ಗಾತ್ರಕ್ಕೆ ಒಂದು ತಿಂಗಳು ಸಾಲದು; ಮಳೆಗಾಲವಿಡೀ ಅದಕ್ಕೆ ಮೀಸಲಿಡುವುದು ಉಚಿತ.

7

ಇಷ್ಟಕ್ಕೂ ಎದುರುಪಕ್ಷದ ಮಾತೊಂದಿದೆ. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ವಾರವೆಲ್ಲ ದುಡಿದು ದಣಿದವರು ಭಾನುವಾರ ಕನ್ನಡದ ನಾಲ್ಕು ಮಾತು ಕೇಳಲು ಬರುತ್ತಾರೆ. ಅವರಿಗೆ ಕಷ್ಟದ ಪುಸ್ತಕ ಕೊಟ್ಟರೆ ಮೂವತ್ತು ಜನರ ಕೂಟ ಮೂರು ತಿಂಗಳಲ್ಲಿ ಎಂಟು ಜನರದಾಗುತ್ತದೆ ಎಂಬುದು ಆ ಮಾತು. ಸಂಖ್ಯೆ ಇಳಿಯುವುದು ಸಂಭವ. ಹಾಗೆಂದು ಪ್ರತಿ ತಿಂಗಳೂ ಪ್ರಯೋಗ ಕೃತಿಯನ್ನೇ ಓದಬೇಕೆಂಬ ಹಟವೂ ಬೇಡ. ವರ್ಷಕ್ಕೆ ನಾಲ್ಕು ಸಾಕು. ನಡುವೆ ಉಳಿದುವು ಬರಲಿ. ಜೇಮ್ಸ್ ಜಾಯ್ಸನ ಕೊನೆಯ ಕಾದಂಬರಿಯನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ವಾಚನಕೂಟ 1995ರಲ್ಲಿ ಹಿಡಿದು, ತಿಂಗಳಿಗೆ ಒಂದೆರಡು ಪುಟಗಳಂತೆ ಓದಿ, 28 ವರ್ಷಗಳ ಮೇಲೆ 2023ರಲ್ಲಿ ಕೊನೆಯ ಪುಟ ಮುಟ್ಟಿತು. ಅಷ್ಟು ತಾಳ್ಮೆ ಎಲ್ಲರಿಂದಲೂ ನಿರೀಕ್ಷಿತವಲ್ಲ. ಆದರೆ ಕೂಟದ ಆಯುಷ್ಯವನ್ನು ನಿರ್ಣಯಿಸುವುದು ಪುಸ್ತಕದ ಸುಲಭತೆಯಲ್ಲವೆಂಬುದಕ್ಕೆ ಅದು ಸಾಕ್ಷಿ.

ಇನ್ನೂ ಮುಖ್ಯವಾದ ಉತ್ತರ ಬೇರೆಯಿದೆ. ಪರಸ್ಥಳದಲ್ಲಿ ಕನ್ನಡವು ಸಾಯುವುದು ಒಮ್ಮೆಲೇ ಅಲ್ಲ. ಮೊದಲು ಅದು ಕಚೇರಿಯಿಂದ ಹೋಗುತ್ತದೆ, ಆಮೇಲೆ ಮಕ್ಕಳ ಶಾಲೆಯಿಂದ. ಉಳಿಯುವುದು ಅಡಿಗೆಮನೆಯಲ್ಲಿ ಮತ್ತು ಹಬ್ಬದ ವೇದಿಕೆಯಲ್ಲಿ. ಹೊಟ್ಟೆಯ ಮಾತಿಗೆ, ಹೊಗಳಿಕೆಯ ಮಾತಿಗೆ ಕನ್ನಡ. ವಿಚಾರ ಬಂದೊಡನೆ ಇಂಗ್ಲಿಷ್ ಅಥವಾ ಮರಾಠಿ. ಹೀಗೆ ಕುಗ್ಗಿದ ಭಾಷೆಯನ್ನು ಮಕ್ಕಳು ಹಿರಿಯರ ಮೇಲಿನ ಪ್ರೀತಿಯಿಂದ ಕೇಳಿಯಾರು, ತಮ್ಮದೆಂದು ಹಿಡಿಯಲಾರರು. ಸಂಶಯವನ್ನು, ದ್ವಂದ್ವವನ್ನು, ಹೆಸರಿಡಲಾಗದ ಅವಮಾನವನ್ನು ಕನ್ನಡದಲ್ಲಿ ವಿಚಾರ ಮಾಡಬಹುದೆಂದು ತೋರಿಸುವ ಕೃತಿಗಳು ಯಾವುವೋ ಅವೇ ಪ್ರಯೋಗ ಕಾದಂಬರಿಗಳು. ಅವನ್ನು ಕುರಿತು ವಾದಿಸುವವನು ಆ ಹೊತ್ತಿನ ಮಟ್ಟಿಗಾದರೂ ಕಠಿನವಾದುದನ್ನು ಕನ್ನಡದಲ್ಲಿ ಹೇಳಲೇಬೇಕಾಗುತ್ತದೆ.

ಮಕ್ಕಳ ಪ್ರಶ್ನೆಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಒಂದು ದಾರಿ ತೋರಿಸುತ್ತದೆ. ಶ್ರೀನಾಥ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಅದು ಲೋಕಕ್ಕೆ ಪರಿಚಿತವಾದುದರಿಂದ, ಕನ್ನಡ ಲಿಪಿ ಬಾರದ ತರುಣರೂ ಅದನ್ನು ಓದಿಕೊಂಡು ಬರಬಲ್ಲರು. ಹೆಸರಿಲ್ಲದ ನಿರೂಪಕನು ಕಾಫಿಗೃಹದಲ್ಲಿ ಕುಳಿತು ತನ್ನ ಮನೆಯ ಕಥೆ ಹೇಳುತ್ತಾನೆ. ಹೇಳಿದುದಕ್ಕಿಂತ ಹೇಳದೆ ಬಿಟ್ಟುದು ಹೆಚ್ಚು. ಶೀರ್ಷಿಕೆಯ ಶಬ್ದವಂತೂ ಯಾವ ಭಾಷೆಯದೂ ಅಲ್ಲ, ಒಂದು ಮನೆಯವರು ತಮಗಾಗಿ ಹುಟ್ಟಿಸಿಕೊಂಡದ್ದು. ಇಂಗ್ಲಿಷಿನಲ್ಲಿ ಓದಿ ಬಂದ ಮಗನ ಎದುರು, ಕನ್ನಡದಲ್ಲಿ ಓದಿದ ತಂದೆ ಅದೇ ಭಾಗವನ್ನು ಗಟ್ಟಿಯಾಗಿ ಓದಿ, ಇಲ್ಲಿ ನಿನ್ನ ಪುಸ್ತಕದಲ್ಲಿ ಏನಿದೆ ಎಂದು ಕೇಳುವುದರಿಂದ ಚರ್ಚೆ ಆರಂಭವಾಗಬಹುದು. ಅನುವಾದದಲ್ಲಿ ಬಂದುದೆಷ್ಟು, ಉಳಿದುದೆಷ್ಟು ಎಂಬ ಲೆಕ್ಕಕ್ಕೆ ಇಬ್ಬರೂ ಬೇಕಾಗುತ್ತಾರೆ.

ಆದುದರಿಂದ ಮೊದಲ ವರ್ಷದ ನಾಲ್ಕು ಪ್ರಯೋಗ ಕೃತಿಗಳನ್ನು ಈ ಅನುಕ್ರಮದಲ್ಲಿ ಸೂಚಿಸಬಹುದು: ಮಕ್ಕಳೊಡನೆ 'ಘಾಚರ್ ಘೋಚರ್', ಅನಂತರ 'ಶಿಕಾರಿ', ಅದಾದ ಮೇಲೆ 'ಮುಕ್ತಿ'–'ಕೋಶ' ಜೋಡಿ, ಕೊನೆಗೆ 'ಕುಸುಮಬಾಲೆ'. ಕೊನೆಯದನ್ನು ಮನೆಯಲ್ಲಿ ಓದಿ ಬರಬೇಕೆಂಬ ನಿಯಮವನ್ನು ಸಡಿಲಿಸಿ, ಶ್ರಾವಣದ ನಾಲ್ಕು ಸಂಜೆಗಳಲ್ಲಿ ಕೂಟದಲ್ಲಿಯೇ ಓದಿ ಮುಗಿಸಬೇಕು. ಓದುವವರೊಬ್ಬರು, ಅರ್ಥ ಬಿಡಿಸುವವರೊಬ್ಬರು, ನಿಲ್ಲಿಸಿ ಕೇಳುವ ಹಕ್ಕು ಎಲ್ಲರಿಗೂ.